ಪಲಂಗಪೋಶಿನ ಮೇಲಿನ ಹೆಬ್ಬೆಟ್ಟು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಪ್ಪತ್ತೇಳು ವರ್ಷ ಮ್ಯೂಸಿಯಮ್ಮಿನ ಒಂದು ಬಟ್ಟೆಗೂ ಬರಿಗೈ ಸೋಕಿಸದ ಮನುಷ್ಯನ ಮೇಲೆ ಬಟ್ಟೆ ಕೆಡಿಸಿದ ಆರೋಪ ಬರುವಂತೆ ಮಾಡಿದವನು ನಾನು. ದ್ವೇಷದಿಂದ ಮಾಡಲಿಲ್ಲ, ನಗಿಸಲು ಹೋಗಿ ಮಾಡಿದೆ. ನಗಲು ಅಲ್ಲಿ ಯಾರೂ ಇರಲಿಲ್ಲ ಎನ್ನುವುದು ಬೇರೆ ಮಾತು. ಇಂಥ ವೃತ್ತಿಯ ಕಥೆಗಳನ್ನು ನಿವೃತ್ತರಾದ ದೊಡ್ಡವರು ಆರಾಮಕುರ್ಚಿಯಲ್ಲಿ ಕೂತು ಬರೆಯುವುದು ವಾಡಿಕೆ. ನನಗಿನ್ನೂ ಮೂವತ್ತೆರಡು, ಆರಾಮಕುರ್ಚಿಯೂ ಇಲ್ಲ. ಆದರೆ ನಿವೃತ್ತಿಯ ತನಕ ಕಾದರೆ ಈ ಕಥೆಯಲ್ಲಿ ನನ್ನ ಪಾತ್ರವನ್ನು ವರ್ಷಕ್ಕಿಷ್ಟು ತಿದ್ದಿ ತಿದ್ದಿ ಒಳ್ಳೆಯವನಾಗಿಬಿಡುವ ಅಪಾಯವಿದೆ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಕೋವಿಡ್ ಮುಗಿದು ಎಲ್ಲ ಬಾಗಿಲುಗಳೂ ತೆರೆದ ಮರುವರ್ಷದ ಮಾತು. ಹೈದರಾಬಾದಿನ ಒಂದು ಮ್ಯೂಸಿಯಮ್ಮಿನ ಜವಳಿ ವಿಭಾಗದಲ್ಲಿ ನಾನು ಕಲೆಕ್ಷನ್ ಅಸಿಸ್ಟೆಂಟ್. ಮ್ಯೂಸಿಯಮ್ಮಿನ ಹೆಸರು ಹೇಳುವುದಿಲ್ಲ, ನನಗಿನ್ನೂ ಅಲ್ಲಿಂದಲೇ ಸಂಬಳ. ಕೆಲಸ ಒಂದು ವರ್ಷದ ಕಾಂಟ್ರಾಕ್ಟ್, ಪ್ರತಿ ಮಾರ್ಚ್ ಕೊನೆಗೆ ನವೀಕರಣ. ಜನ ಓಡಾಡುವ ಗ್ಯಾಲರಿಗಳ ಹಿಂದೆ ಎರಡು ಕಬ್ಬಿಣದ ಬಾಗಿಲು ದಾಟಿದರೆ ಕಿಟಕಿಯಿಲ್ಲದ ಒಂದು ಉದ್ದ ಕೋಣೆ ಸಿಗುತ್ತದೆ. ಅದನ್ನು ಸ್ಟೋರ್ ಅನ್ನುತ್ತೇವೆ. ಗ್ಯಾಲರಿಯಲ್ಲಿ ತೂಗುಹಾಕಿದ್ದು ಹತ್ತು ಬಟ್ಟೆಯಾದರೆ ಸ್ಟೋರಿನಲ್ಲಿ ಮಲಗಿದ್ದು ಆರುನೂರಕ್ಕೂ ಹೆಚ್ಚು. ಎಲ್ಲವೂ ಕೈಯಿಂದ ಅಚ್ಚು ಹಾಕಿದವು: ರುಮಾಲು, ಹಾಸು, ಡೇರೆಯ ಒಳಗೋಡೆ, ಮಂಚದ ಮೇಲೆ ಹೊದಿಸುವ ಪಲಂಗಪೋಶು. ಸಣ್ಣವು ಡ್ರಾಯರಿನಲ್ಲಿ ಚಪ್ಪಟೆಯಾಗಿ ಇರುತ್ತವೆ. ದೊಡ್ಡವನ್ನು ಮಡಿಚುವಂತಿಲ್ಲ, ಮಡಿಕೆಯಲ್ಲೇ ಬಟ್ಟೆ ಸೀಳುತ್ತದೆ. ಆದ್ದರಿಂದ ದಪ್ಪ ರಟ್ಟಿನ ಟ್ಯೂಬಿಗೆ, ಆಮ್ಲವಿಲ್ಲದ ತೆಳು ಕಾಗದವನ್ನು ನಡುವೆ ಹಾಸುತ್ತ, ಅಚ್ಚಿನ ಮುಖ ಹೊರಗೆ ಬರುವಂತೆ ಸುತ್ತುತ್ತೇವೆ. ಇದು ಇಬ್ಬರ ಕೆಲಸ. ಒಬ್ಬ ಟ್ಯೂಬಿನ ಈ ತುದಿ, ಇನ್ನೊಬ್ಬ ಆ ತುದಿ. ಇಬ್ಬರ ಕೈಯ ವೇಗ ಒಂದೇ ಆಗದಿದ್ದರೆ ಸುತ್ತು ಸೊಟ್ಟಗಾಗುತ್ತದೆ.

ಬೆಳಕು ಬಣ್ಣವನ್ನು ತಿನ್ನುವುದರಿಂದ ದೀಪಗಳು ಮಂದ. ಚಳಿ ಮಾತ್ರ ಧಾರಾಳ. ಮೊಬೈಲಿಗೆ ಸಿಗ್ನಲ್ ಇಲ್ಲ. ಮಿಮಿಕ್ರಿ ಮಾಡುವವನಿಗೆ ಇದಕ್ಕಿಂತ ಕೆಟ್ಟ ಪೋಸ್ಟಿಂಗ್ ಸರ್ಕಾರಕ್ಕೂ ಹೊಳೆಯಲಾರದು. ನಮ್ಮಪ್ಪ ರಕ್ಷಣಾ ಇಲಾಖೆಯ ಒಂದು ಕಾರ್ಖಾನೆಯಲ್ಲಿದ್ದರು. ಅವರ ಕಾಲೊನಿಯಲ್ಲಿ ಧಾರವಾಡದ ಕಾಕಾಗಳು, ಮೈಸೂರಿನ ಅತ್ತೆಯರು, ತೆಲುಗು ಮೇಷ್ಟ್ರು, ಬಿಹಾರದ ಕಾವಲುಗಾರರು, ಎಲ್ಲರ ಗಂಟಲನ್ನೂ ಕದ್ದು ಬೆಳೆದವನು ನಾನು. ಅಪ್ಪ ನಿವೃತ್ತರಾಗಿ ಅವ್ವನ ಜೊತೆ ಬೆಳಗಾವಿಯ ಅಕ್ಕನ ಮನೆಗೆ ಹೋದರು. ಕ್ವಾರ್ಟರ್ಸ್ ಬಿಟ್ಟಮೇಲೆ ಕಾಲೊನಿಯ ಆ ಮಂದಿಯೆಲ್ಲ ದಿಕ್ಕಾಪಾಲು. ನಾನು ನಾರಾಯಣಗೂಡದಲ್ಲಿ ಒಂದು ಕೋಚಿಂಗ್ ಸೆಂಟರಿನ ಮೇಲಿನ ಕೋಣೆ ಹಿಡಿದೆ. ಅಕ್ಕಪಕ್ಕದ ಕೋಣೆಗಳಲ್ಲಿ ಪರೀಕ್ಷೆಗೆ ಓದುವ ಹುಡುಗರು. ಅವರು ಗೋಡೆಯ ಜೊತೆ ಮಾತಾಡಿಯಾರು, ನನ್ನ ಜೊತೆ ಇಲ್ಲ. ಎಷ್ಟೋ ದಿನ ಸಂಜೆ ಕೋಠಿಯಲ್ಲಿ ಬಸ್ಸು ಹತ್ತಿ ಕಂಡಕ್ಟರಿಗೆ "ನಾರಾಯಣಗೂಡ" ಅಂದಾಗ, ಬೆಳಗಿನಿಂದ ನನ್ನ ಸ್ವಂತ ಧ್ವನಿಯಲ್ಲಿ ಬಂದ ಮೊದಲ ಮಾತು ಅದೇ ಎಂದು ಗೊತ್ತಾಗುತ್ತಿತ್ತು.

ಸ್ಟೋರಿನಲ್ಲಿದ್ದ ಇನ್ನೊಬ್ಬ ಜೀವ ಅಟೆಂಡೆಂಟ್ ಸಾಬಣ್ಣ. ಯಾದಗಿರಿ ಕಡೆಯವರು. ಮ್ಯೂಸಿಯಮ್ಮಿನ ಹೊಸ ಕಟ್ಟಡ ಏಳುವಾಗ ಇಟ್ಟಿಗೆ ಹೊರಲು ಬಂದವರು, ಕಟ್ಟಡ ಮುಗಿದಮೇಲೆ ಕಾವಲಿಗೆ ನಿಂತು, ಆಮೇಲೆ ಕಾಯಂ ಆಗಿ ಸ್ಟೋರಿಗೆ ಬಂದರು. ಮುಂದಿನ ವರ್ಷ ಮೇ ಕೊನೆಗೆ ಅವರ ನಿವೃತ್ತಿ ಇತ್ತು. ಒಳಗೆ ಬರುವ ಮುಂಚೆ ಮೂರು ಸಲ ಕೈ ತೊಳೆದು, ಒರೆಸಿ, ಗ್ಲೌಸ್ ಹಾಕುವರು. ಮಧ್ಯಾಹ್ನ ಮಾತ್ರ ಹೊರಗೆ ಬೇವಿನ ಮರದ ಕೆಳಗೆ ಕೂತು ಒಂದು ಎಲೆ ಅಡಿಕೆ. ಅದೊಂದೇ ಚಟ.

ನಾನು ಅವರ ಮುಂದೆ ಎಲ್ಲರನ್ನೂ ಮಾಡಿ ತೋರಿಸಿದೆ. ಗೇಟಿನ ವಾಚ್‌ಮನ್, ಲೈಬ್ರರಿಯವರು, ಗ್ಯಾಲರಿಗೆ ಬಂದು "ಯೇ ಅಸಲಿ ಹೈ ಕ್ಯಾ" ಎಂದು ಕೇಳುವ ಪ್ರವಾಸಿ, ಕೊನೆಗೆ ಅವರನ್ನೇ. ಸಾಬಣ್ಣ ಪೂರ್ತಿ ಕೇಳುವರು. ನಗುವುದಿಲ್ಲ.

"ಚಲೋ ಮಾಡ್ತಿ ತಮ್ಮಾ. ಈಗ ಆ ತುದಿ ಹಿಡಿ."

ಇಷ್ಟೇ. ಸಾವಿರ ಜನರ ಚಪ್ಪಾಳೆಗಿಂತ ಕಷ್ಟದ ಪ್ರೇಕ್ಷಕ.

ಅವರಿಗೆ ಒಂದು ಹೆಮ್ಮೆ ಇತ್ತು, ಸಹಿ. ಹಾಜರಿ ಪುಸ್ತಕದಲ್ಲಿ ನಾವೆಲ್ಲ ಗೀಚಿ ಓಡುವಾಗ ಅವರು ಪೆನ್ನಿನ ಮುಚ್ಚಳ ತೆಗೆದು, ಪುಸ್ತಕ ನೇರ ಮಾಡಿಕೊಂಡು, ಮೂರು ಅಕ್ಷರಗಳನ್ನೂ ಒಂದೊಂದಾಗಿ ಕೂರಿಸುವರು. ಕನ್ನಡದಲ್ಲಿ. ಆಫೀಸಿನವರು ಅದನ್ನು ಸ್ವಲ್ಪ ಸೊಟ್ಟಗಿನ ತೆಲುಗು ಅಂದುಕೊಂಡಿದ್ದರು. ಒಮ್ಮೆ ಟ್ಯೂಬ್ ಸುತ್ತುತ್ತ ಸಾಬಣ್ಣನೇ ಹೇಳಿದರು. ಇಟ್ಟಿಗೆ ಹೊರುವಾಗ ಮೇಸ್ತ್ರಿ ದಿನಾ ಸಂಜೆ ಶಾಯಿ ಡಬ್ಬಿ ಮುಂದಿಟ್ಟು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದನಂತೆ. ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಹೆಬ್ಬೆಟ್ಟೇ ಹೆಸರು. "ಏ ಅಂಗೂಠಾ, ಇಧರ್ ಆ," ಅನ್ನುತ್ತಿದ್ದ. ಊರಿಗೆ ಹೋದಾಗ ಮಗಳ ಪಾಟಿಯ ಮೇಲೆ ಅವಳ ಜೊತೆ ಕೂತು ತನ್ನ ಹೆಸರು ಕಲಿತು ಬಂದರು.

"ಬಂದು ಸಹಿ ಮಾಡಿದ್ನಿ. ಮೇಸ್ತ್ರಿ ನೋಡಿದ. ಮರುದಿನದಿಂದ ಸಾಬಣ್ಣ ಅಂತ ಕರೆದ," ಎಂದರು. ಇಷ್ಟುದ್ದ ಅವರು ಮಾತಾಡಿದ್ದು ನಾನು ಕೇಳಿದ್ದು ಅದೊಂದೇ ಸಲ.

ಆ ವರ್ಷ ಹಳೆಯ ರಿಜಿಸ್ಟರುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ಶುರುವಾಯಿತು. ಪ್ರತಿ ಬಟ್ಟೆಯನ್ನೂ ಬಿಚ್ಚಿ ಕಂಡಿಷನ್ ರಿಪೋರ್ಟ್ ಮಾಡಬೇಕು. ಅಂದರೆ ಅಳತೆ, ಬಣ್ಣ, ಹರಕು, ಕಲೆ ಎಲ್ಲೆಲ್ಲಿದೆ ಎನ್ನುವ ಆರೋಗ್ಯ ತಪಾಸಣೆ. ಕ್ಯೂರೇಟರ್ ಅನಸೂಯ ಮೇಡಂ ನೋಡಿ ಹೇಳಬೇಕು, ನಾನು ರೆಕಾರ್ಡರಿನಲ್ಲಿ ಹಿಡಿಯಬೇಕು. ಗಚ್ಚಿಬೌಲಿಯ ಒಂದು ಏಜೆನ್ಸಿಯವರು ಅದನ್ನು ಕೇಳಿ ಟೈಪ್ ಮಾಡಿ, ಧ್ವನಿಯ ಫೈಲನ್ನು ಅಳಿಸುತ್ತಿದ್ದರು. ಎರಡು ವಾರ ಮೇಡಂ ಬಂದರು. ಆಮೇಲೆ ಮೀಟಿಂಗುಗಳು ಶುರುವಾದವು.

"ನೀನೇ ನೋಡಿ ಹೇಳಿಬಿಡಯ್ಯಾ, ನಾನು ಆಮೇಲೆ ಸೈನ್ ಹಾಕ್ತೀನಿ ಕದಾ," ಎಂದರು.

ಮೇಡಮ್ಮಿನ ಪ್ರತಿ ವಾಕ್ಯವೂ ಮೂಗಿನಲ್ಲಿ ಹುಟ್ಟಿ ಕದಾ ಎಂಬ ತೆಲುಗಿನ 'ಅಲ್ಲವೇ'ಯಲ್ಲಿ ಇಳಿಯುತ್ತಿತ್ತು. ನಾನು ಒಬ್ಬನೇ ಆ ಚಳಿಯಲ್ಲಿ ಕೂತು ನನ್ನ ಧ್ವನಿಯಲ್ಲಿ "ಕಲೆ, ಎರಡು ಸೆಂಟಿಮೀಟರ್" ಎಂದು ಹೇಳುವುದು ಅಸಾಧ್ಯವಾಗಿತ್ತು. ಮೇಡಮ್ಮಿನ ಧ್ವನಿಯಲ್ಲಿ ಹೇಳಿದರೆ ಕೋಣೆಯಲ್ಲಿ ಇನ್ನೊಬ್ಬರು ಇದ್ದಂತೆ. "ಪರಿಶೀಲಿಸಿದವರು, ಅನಸೂಯ," ಎಂದು ಮೂಗಿನಲ್ಲಿ ಶುರುಮಾಡಿದರೆ ದಿನ ಸರಿಯುತ್ತಿತ್ತು. ಗಚ್ಚಿಬೌಲಿಯಲ್ಲಿ ಕಿವಿಗೆ ಇಯರ್‌ಫೋನ್ ಹಾಕಿ ಕೂತ ಯಾರೋ ಒಬ್ಬರು ಇದನ್ನು ಕೇಳುತ್ತಾರೆ, ನಗಬಹುದು ಎಂಬ ಆಸೆಯೂ ಇತ್ತು. ಅವರು ನಗಲಿಲ್ಲ, ಹೇಳಿದ್ದನ್ನೆಲ್ಲ ಟೈಪ್ ಮಾಡಿದರು. ತಪ್ಪು ಅವರದಲ್ಲ, ಅವರ ಕೆಲಸವೇ ಅದು.

ನವೆಂಬರಿನಲ್ಲಿ ಆ ಪಲಂಗಪೋಶು ಬಂತು. ಮಚಲೀಪಟ್ಟಣದ ಕಡೆಯ ಅಚ್ಚು, ನೂರು ವರ್ಷಕ್ಕೂ ಹಳೆಯದು ಎಂದು ರಿಜಿಸ್ಟರ್ ಹೇಳುತ್ತಿತ್ತು. ನಡುವೆ ಹೂವಿನ ಮರ, ಸುತ್ತ ಅಂಚು, ಬಿಳಿಯ ಮೈ. ಕೆಳಗಿನ ಎಡ ಮೂಲೆಯಲ್ಲಿ, ಎರಡು ಹೂಗಳ ನಡುವಿನ ಬಿಳಿಯಲ್ಲಿ, ಒಂದು ಹೆಬ್ಬೆರಳ ಗುರುತು. ಕೆಂಪು. ಒಂದು ಬದಿ ಪಕ್ಕದ ಎಲೆಗೆ ತಾಗಿತ್ತು. ಬೆರಳ ಗೆರೆಗಳೇನೂ ಕಾಣುತ್ತಿರಲಿಲ್ಲ, ಆಕಾರ ಮಾತ್ರ. ನನ್ನ ಹೆಬ್ಬೆರಳಿಗಿಂತ ಸಣ್ಣದು. ಆರುನೂರು ಬಟ್ಟೆಗಳಲ್ಲಿ ಹೂವು, ಬಳ್ಳಿ, ಆನೆ, ಕುದುರೆ ನೋಡಿ ನೋಡಿ ಸಾಕಾಗಿತ್ತು. ಮೊದಲ ಸಲ ಒಬ್ಬ ಮನುಷ್ಯ ಸಿಕ್ಕಿದ್ದ. ಗ್ಲೌಸ್ ಹಾಕಿದ ಹೆಬ್ಬೆರಳನ್ನು ಅದರ ಮೇಲೆ, ಮುಟ್ಟದೆ, ಹಿಡಿದು ನೋಡಿದೆ. ಸಂತೋಷ ತಡೆಯಲಾಗಲಿಲ್ಲ. ಸಂತೋಷವಾದಾಗ ನನಗೆ ಬರುವುದು ಒಂದೇ ವಿದ್ಯೆ.

ರೆಕಾರ್ಡರ್ ಹತ್ತಿರ ಹಿಡಿದು, ಮೂಗಿನಲ್ಲಿ, "ಷರಾ: ಹೆಬ್ಬೆರಳ ಗುರುತು, ಕೆಂಪು. ಇದು ನಮ್ಮ ಸ್ಟೋರ್ ಅಟೆಂಡೆಂಟ್ ಸಾಬಣ್ಣನದೇ ಕದಾ. ಎಲೆ ಅಡಿಕೆ ತಿಂದ ಕೈ," ಎಂದೆ.

ಜಗತ್ತಿನಲ್ಲಿ ಆ ಬಟ್ಟೆಯನ್ನು ಬರಿಗೈಲಿ ಮುಟ್ಟಲಾರದ ಮನುಷ್ಯ ಒಬ್ಬನಿದ್ದರೆ ಅದು ಸಾಬಣ್ಣ. ಅದೇ ಜೋಕು. ಅವರು ಟ್ಯೂಬಿನ ಆ ತುದಿ ಹಿಡಿದು ನಿಂತಿದ್ದರು.

"ಅದೂ ಬರಿತಾರೇನು?" ಎಂದರು.

"ಇಲ್ರಿ ಕಾಕಾ. ಚ್ಯಾಷ್ಟಿ. ಅಳಸ್ತೀನಿ."

ಅಳಿಸಲಿಲ್ಲ. ಮರೆತೆ. ಆ ದಿನ ಇನ್ನೂ ಹನ್ನೊಂದು ಬಟ್ಟೆಗಳಿದ್ದವು.

ಫೆಬ್ರವರಿಯಲ್ಲಿ ಪರಿಶೀಲನಾ ಸಮಿತಿ ಬಂತು. ಅದರ ಅಧ್ಯಕ್ಷರು ನಿವೃತ್ತ ಅಧಿಕಾರಿ, ನಾವು ಚೇರ್ಮನ್ ಸಾಬ್ ಅನ್ನುತ್ತಿದ್ದೆವು. ಹಳೆಯ ಹೈದರಾಬಾದಿನ ಮೆದು ಮಾತಿನವರು, ಆದರೆ ಕಣ್ಣು ಚೂಪು. ಆ ಪಲಂಗಪೋಶನ್ನು ಒಂದು ಪ್ರದರ್ಶನಕ್ಕೆ ಆರಿಸಿದ್ದರಿಂದ ಅದರ ದಾಖಲೆ ತೆರೆದರು. ಷರಾ ಓದಿದರು. ಹಳೆಯ ರಿಜಿಸ್ಟರಿನಲ್ಲಿ ಗುರುತಿನ ಮಾತೇ ಇಲ್ಲ, ಹಳೆಯ ಫೋಟೊದಲ್ಲಿ ಆ ಮೂಲೆ ಮಡಿಕೆಯ ಒಳಗಿದೆ. ಅಂದರೆ ಗುರುತು ಹೊಸದು, ಅಟೆಂಡೆಂಟನದು, ಹಾಗೆಂದು ಬರೆದವರು ಕ್ಯೂರೇಟರ್. ಎಲ್ಲವೂ ಅಚ್ಚುಕಟ್ಟಾಗಿ ಕೂತಿತು. ಮಾರ್ಚ್ ಮೊದಲ ವಾರ ಸಾಬಣ್ಣನಿಗೆ ಮೆಮೊ ಹೋಯಿತು. ಮೆಮೊ ಇತ್ಯರ್ಥವಾಗುವ ತನಕ ನಿವೃತ್ತಿಯ ಕಾಗದ ಮುಂದೆ ಚಲಿಸುವುದಿಲ್ಲ, ಸ್ಟೋರಿಗೆ ಪ್ರವೇಶವಿಲ್ಲ.

ಅವರು ಮೆಮೊ ತಂದು ನನ್ನ ಕೈಗೇ ಕೊಟ್ಟರು.

"ಇಂಗ್ಲಿಷ್‌ನಾಗ ಐತಿ. ಏನ್ ಬರೆದಾರ ಓದು ತಮ್ಮಾ."

ಓದಿದೆ. ಒಂದೊಂದು ಸಾಲೂ ಕನ್ನಡದಲ್ಲಿ ಹೇಳಿದೆ. ಎಲೆ ಅಡಿಕೆ ತಿಂದ ಕೈ ಎಂಬಲ್ಲಿ ಕೆಮ್ಮಿ ಮುಂದೆ ಹೋದೆ.

"ಹಿಂಗಂತ ಯಾರ್ ಹೇಳ್ಯಾರ ಅಂತ ಐತಿ?"

"ಮೇಡಂ ಹೆಸರೈತ್ರಿ ಕಾಕಾ."

"ಹೂಂ," ಎಂದರು. ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಿಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು.

ಆ ವಾರವೇ ವಿಚಾರಣೆ. ಮೇಡಂ ಬಾಯಿ ಬಿಡಲಿಲ್ಲ. ತಾನು ಹೇಳಿದ್ದಲ್ಲ ಎಂದರೆ, ಹಾಗಾದರೆ ಓದದೆ ಸಹಿ ಹಾಕಿದಿರಾ ಎಂಬ ಪ್ರಶ್ನೆ ಬರುತ್ತದೆ. ನಾನೂ ಬಾಯಿ ಬಿಡಲಿಲ್ಲ. ಅದೇ ತಿಂಗಳ ಕೊನೆಗೆ ನನ್ನ ನವೀಕರಣ. ನಾನು ಅಲ್ಲಿದ್ದದ್ದು ಸಾಬಣ್ಣನ ಕನ್ನಡವನ್ನು ಅನುವಾದಿಸಲು. ಅಂದರೆ ತಪ್ಪು ಮಾಡಿದವನೇ ದುಭಾಷಿ.

ಚೇರ್ಮನ್ ಸಾಬ್ ಗದರಲಿಲ್ಲ. ಮೇಜಿನ ಮೇಲೆ ಒಂದು ಬಿಳಿ ಹಾಳೆ, ಒಂದು ಶಾಯಿ ಡಬ್ಬಿ ಇಟ್ಟರು. "ಭಾಯ್, ಒಂದು ಹೆಬ್ಬೆಟ್ಟು ಕೊಡು. ಆಕಾರ, ಅಳತೆ ಹೋಲಿಸಿ ನೋಡೋಣ. ಒಂದು ನಿಮಿಷದ ಕೆಲಸ, ಮುಗಿದುಹೋಗುತ್ತದೆ," ಎಂದರು.

ಸಾಬಣ್ಣ ಡಬ್ಬಿಯನ್ನು ನೋಡಿದರು. ಕೈ ಹಿಂದೆ ಕಟ್ಟಿಕೊಂಡರು.

"ಸಹಿ ಮಾಡ್ತೀನ್ರಿ. ಎಲ್ಲಿ ಬೇಕಂತೀರಿ ಅಲ್ಲಿ ಮಾಡ್ತೀನಿ. ಅದರಾಗ ಬೆರಳಿಡಂಗಿಲ್ಲ."

"ಆಧಾರ್ ಕಾರ್ಡಿಗೆ ಕೊಟ್ಟಿಲ್ಲವೇ?"

"ಅದು ಮಷೀನ್ರಿ. ಎಲ್ಲಾರ್ದೂ ತಗೋತೈತಿ, ಸಾಹೇಬ್ರದೂ ತಗೊಂಡೈತಿ. ಇದು ನನ್ನ ಒಬ್ಬಂದ ಕೇಳಾಕತ್ತೈತಿ."

ನಾನು ಅನುವಾದಿಸಿದೆ. ಚೇರ್ಮನ್ ಸಾಬ್ ಪೆನ್ನು ಕೆಳಗಿಟ್ಟು, ನಿರಾಕರಿಸಿದ್ದಾನೆ ಎಂದು ಬರೆದುಕೊಳ್ಳಲು ಹೇಳಿದರು. ನಿರಾಕರಿಸಿದವನು ತಪ್ಪಿತಸ್ಥನೇ ಇರಬೇಕು ಎಂಬ ಭಾವ ಕೋಣೆಯಲ್ಲಿ ಹರಡಿದ್ದನ್ನು ನಾನು ನೋಡಿದೆ. ಮೇಸ್ತ್ರಿಯ ಕಥೆ ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಅದನ್ನೂ ಹೇಳಲಿಲ್ಲ.

ಸಾಬಣ್ಣನನ್ನು ಗೇಟಿನ ಬಳಿ ಬ್ಯಾಗು ಇಟ್ಟುಕೊಳ್ಳುವ ಕೌಂಟರಿಗೆ ಹಾಕಿದರು. ಪ್ರವಾಸಿಗರ ಚೀಲ ತೆಗೆದುಕೊಂಡು ಟೋಕನ್ ಕೊಡುವ ಕೆಲಸ. ನಾನು ಸ್ಟೋರಿನಲ್ಲಿ ಒಬ್ಬನೇ ಆದೆ. ಅಲ್ಲಿಯವರೆಗೆ ನನಗೆ ಒಂಟಿತನ ಗೊತ್ತಿದೆ ಅಂದುಕೊಂಡಿದ್ದೆ. ಆದರೆ ಮಾತಾಡದ ಒಬ್ಬ ಮನುಷ್ಯ ಇರುವ ಕೋಣೆಯೇ ಬೇರೆ, ಯಾರೂ ಇಲ್ಲದ ಕೋಣೆಯೇ ಬೇರೆ. ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ತುಂಬಿದಾಗ ಅದರ ನೀರು ಚೆಲ್ಲುವುದು, ಬೆಳಿಗ್ಗೆ ಸಂಜೆ ಉಷ್ಣಾಂಶ ಬರೆಯುವುದು, ಉಳಿದ ಹೊತ್ತು ಡ್ರಾಯರುಗಳ ಮುಂದೆ ನಿಲ್ಲುವುದು. ಟ್ಯೂಬ್ ಸುತ್ತಲು ಆ ತುದಿಗೆ ಮರಳಿನ ಸಣ್ಣ ಚೀಲಗಳನ್ನಿಟ್ಟು ಪ್ರಯತ್ನಿಸಿದೆ. ಸೊಟ್ಟಗಾಯಿತು. ಬಿಚ್ಚಿ ಮತ್ತೆ ಸುತ್ತಿದೆ, ಮತ್ತೆ ಸೊಟ್ಟ. ಬೇಸರಕ್ಕೆ ಸಾಬಣ್ಣನ ಧ್ವನಿ ತೆಗೆದು, "ಚಲೋ ಮಾಡ್ತಿ ತಮ್ಮಾ. ಈಗ ಆ ತುದಿ ಹಿಡಿ," ಅಂದೆ. ಎಂದೂ ಇಲ್ಲದಷ್ಟು ಸರಿಯಾಗಿ ಬಂತು. ನಾನೇ ತಿರುಗಿ ಬಾಗಿಲ ಕಡೆ ನೋಡಿದೆ. ಆಮೇಲೆ ಎಷ್ಟೋ ಹೊತ್ತು ಆ ಕೋಣೆಯಲ್ಲಿ ಯಾರ ಧ್ವನಿಯನ್ನೂ ತೆಗೆಯುವ ಧೈರ್ಯ ಬರಲಿಲ್ಲ.

ನವೀಕರಣ ಆದಮೇಲೆ ಹೇಳೋಣ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಮಾರ್ಚ್ ಕೊನೆಗೆ ನವೀಕರಣವಾಯಿತು. ಏಪ್ರಿಲ್ ಅರ್ಧ ಕಳೆದರೂ ಹೇಳಿರಲಿಲ್ಲ. ಹೆದರಿಕೆಗೆ ಒಮ್ಮೆ ನೆಪ ಸಿಕ್ಕಿದರೆ ಅದು ಇನ್ನೊಂದು ನೆಪವನ್ನು ತಾನೇ ಹುಡುಕಿಕೊಳ್ಳುತ್ತದೆ.

ಒಂದು ಮಧ್ಯಾಹ್ನ ಬೇವಿನ ಮರದ ಕೆಳಗೆ ಅವರ ಪಕ್ಕ ಹೋಗಿ ಕೂತೆ. ಎಲೆ ಅಡಿಕೆಯ ಚಂಚಿ ಇರಲಿಲ್ಲ. ಮೆಮೊ ಬಂದ ದಿನದಿಂದ ಬಿಟ್ಟಿದ್ದರು.

"ಕಾಕಾ, ನೀವಿಲ್ದ ಸ್ಟೋರ್‌ನಾಗ ಭಾಳ ಬ್ಯಾಸರಾಕತ್ತೈತ್ರಿ," ಎಂದೆ.

"ಯಾಕ, ಊರ ಮಂದಿನ್ನೆಲ್ಲ ಬಾಯಾಗ ಇಟಗೊಂಡ ತಿರಗ್ತಿಯಲ್ಲ. ಕರಕೋ."

ನಾನು ನಕ್ಕೆ. ಅವರು ನಗಲಿಲ್ಲ.

"ಮೇಡಂ ಧ್ವನಿ ಬರ್ತೈತಿ ನಿನಗ. ವಾಚ್‌ಮನ್ನಂದು ಬರ್ತೈತಿ. ನಂದೂ ಬರ್ತೈತಿ. ಅವತ್ತ ಸಾಹೇಬ್ರ ಮುಂದ ನಿಂದೊಂದು ಬೇಕಾಗಿತ್ತು ತಮ್ಮಾ. ಅದು ಬರ್ಲಿಲ್ಲ."

ನಾನು ಅವರ ಕಡೆ ತಿರುಗಿದೆ. "ನಿಮಗ ಗೊತ್ತಿತ್ತೇನ್ರಿ?"

"ಟ್ಯೂಬಿನ ಆ ತುದಿ ಹಿಡದಾಂವ ಯಾರು?"

"ಮತ್ತ ಅವತ್ತ ಯಾಕ ಹೇಳ್ಲಿಲ್ರಿ ನೀವು?"

"ಅಳಸ್ತೀನಿ ಅಂದಿದ್ದಿ. ಅಳಸಿಲ್ಲಂತ ನೀನ ಹೇಳ್ಬೇಕು. ಆ ಕಾಗದ ಓದಾಕ ಇಲ್ಲಿ ಹತ್ತು ಮಂದಿ ಇದ್ರು. ನಿನ್ನ ಕೈಯಾಗ ಯಾಕ ಕೊಟ್ನಿ?"

ಒಬ್ಬ ಪ್ರವಾಸಿ ಟೋಕನ್ ಹಿಡಿದು ಬಂದ. ಸಾಬಣ್ಣ ಎದ್ದು ಹೋದರು.

ನಾನು ನೇರ ಅನಸೂಯ ಮೇಡಮ್ಮಿನ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮಾಡು," ಎಂದರು.

"ಏನು ಮೇಡಂ?"

"ನನ್ನ ಧ್ವನಿ. ಅವತ್ತು ಹೇಗೆ ಹೇಳಿದೆಯೋ ಹಾಗೇ."

ಜೀವಮಾನದಲ್ಲೇ ಅತಿ ಕಷ್ಟದ ಪ್ರದರ್ಶನ. ಮಾಡಿದೆ. ಮುಗಿದಮೇಲೆ ಅವರು ಫ್ಯಾನಿನ ಕಡೆ ನೋಡಿದರು. "ನಾನು ಇಷ್ಟು ಮೂಗಿನಲ್ಲಿ ಮಾತಾಡ್ತೀನಾ," ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಮುಂದುವರಿಸಿದರು. "ಓದದೆ ಆರುನೂರು ದಾಖಲೆಗೆ ಸೈನ್ ಹಾಕಿದವಳು ನಾನು, ನಿನಗೇನು ಬೈಯಲಿ. ಇಬ್ಬರೂ ಸೇರಿ ಆ ಮನುಷ್ಯನನ್ನು ಗೇಟಿನಲ್ಲಿ ಕೂರಿಸಿದ್ದೀವಿ." ಆಮೇಲೆ ಕನ್ನಡಕ ಹಾಕಿಕೊಂಡು ಕ್ಯೂರೇಟರ್ ಆದರು. "ನೀನು ತಪ್ಪೊಪ್ಪಿಕೊಂಡರೆ ಕಂಪ್ಯೂಟರಿನಲ್ಲಿರೋ ಸಾಲು ಹೋಗುತ್ತೆ. ಬಟ್ಟೆಯ ಮೇಲಿನ ಕೆಂಪು ಹೋಗಲ್ಲ ಕದಾ. ಹಾಗಾದರೆ ಅದು ಯಾರದು ಅಂತ ಕೇಳ್ತಾರೆ. ನಡಿ, ಬಿಚ್ಚೋಣ."

ಇಲ್ಲಿ ಓದುಗರಿಗೆ ಒಂದು ವಿಷಯ ವಿವರಿಸಬೇಕು. ಈ ಬಗೆಯ ಬಟ್ಟೆಯಲ್ಲಿ ಕೆಂಪು ಬಣ್ಣವನ್ನು ಅಚ್ಚಿನಿಂದ ನೇರವಾಗಿ ಒತ್ತುವುದಿಲ್ಲ. ಬಟ್ಟೆಯನ್ನು ಅಳಲೆಕಾಯಿ ಮತ್ತು ಎಮ್ಮೆಯ ಹಾಲಿನಲ್ಲಿ ನೆನೆಸಿ ಒಣಗಿಸುತ್ತಾರೆ. ಆಮೇಲೆ ಮರದ ಅಚ್ಚನ್ನು ಪಟಿಕ ಬೆರೆಸಿದ ಅಂಟಿನಲ್ಲಿ ಅದ್ದಿ ಒತ್ತುತ್ತಾರೆ. ಆಗ ಕಾಣುವುದು ಮಾಸಲು ಗುರುತು ಮಾತ್ರ, ಕೆಂಪಿನ ಸುಳಿವಿಲ್ಲ. ಹರಿಯುವ ನೀರಿನಲ್ಲಿ ತೊಳೆದು, ಬಣ್ಣದ ಬೇರು ಹಾಕಿದ ಹಂಡೆಯಲ್ಲಿ ಕುದಿಸಿದಾಗ ಪಟಿಕ ತಾಗಿದ ಜಾಗವೆಲ್ಲ ಕೆಂಪಾಗುತ್ತದೆ, ಉಳಿದದ್ದು ಬಿಳಿಯಾಗಿಯೇ ಉಳಿಯುತ್ತದೆ. ಬಣ್ಣವನ್ನು ಹೀಗೆ ಬಟ್ಟೆಗೆ ಕಚ್ಚಿಸುವ ವಸ್ತುವಿಗೆ ಮಾರ್ಡಂಟ್ ಎಂದು ಹೆಸರು. ಕುದಿಸಿದ ಮೇಲೆ, ಕಟ್ಟಕಡೆಗೆ, ಎಲೆಗಳ ಹಳದಿಯನ್ನು ಕುಂಚದಿಂದ ತುಂಬುತ್ತಾರೆ.

ಮೇಡಂ ಬರಿ ಮೇಜಿನ ಮೇಲೆ ಎಡಗೈ ಇಟ್ಟು, ಬಟ್ಟೆಯನ್ನು ಸರಿಸುವವರಂತೆ ಎಳೆದು ತೋರಿಸಿದರು. ಹೆಬ್ಬೆರಳು ಓರೆಯಾಗಿ ನಿಂತಿತು. ಬಟ್ಟೆಯ ಮೇಲಿನ ಗುರುತಿನ ಓರೆಯೂ ಅದೇ. ಅಚ್ಚು ಹಾಕುವವನ ಎಡಗೈ ಹೆಬ್ಬೆರಳಿಗೆ ಒಂದಿಷ್ಟು ಪಟಿಕ ಅಂಟಿತ್ತು. ಆ ದಿನ ಅವನ ಕಣ್ಣಿಗೆ ಅದು ಬಿದ್ದಿರಲಾರದು. ಬಟ್ಟೆ ಹಂಡೆಯಿಂದ ಹೊರಬಂದಾಗ ಕಂಡಿತು, ಅಷ್ಟು ಹೊತ್ತಿಗೆ ಅದನ್ನು ಅಳಿಸಲು ಅವನಿಂದಾಗಲಿ ಯಾರಿಂದಾಗಲಿ ಸಾಧ್ಯವಿರಲಿಲ್ಲ. ನಾನು ಅದನ್ನು ಕೇಳುತ್ತ ರೆಕಾರ್ಡರಿನ ಕಡೆ ನೋಡದಿರಲು ಪ್ರಯತ್ನಿಸಿದೆ.

ಊಹೆ ಸಾಲದು, ಸಾಕ್ಷಿ ಬೇಕು. ಹೋಲಿಸಲು ನಿಜವಾದ ಎಲೆ ಅಡಿಕೆಯ ಕಲೆ ಒಂದು ಬೇಕಾಯಿತು. ಅದನ್ನು ಮಾಡುವ ಹೊಣೆ ಯಾರ ಪಾಲಿಗೆ ಬಂತು ಎಂದು ಹೇಳಬೇಕಿಲ್ಲ. ಹುಟ್ಟಿ ಒಂದು ದಿನವೂ ತಿನ್ನದವನು ಬೇವಿನ ಮರದ ಕೆಳಗೆ ಸುಣ್ಣದಲ್ಲಿ ನಾಲಿಗೆ ಸುಟ್ಟುಕೊಂಡು, ಕೆಂಪು ಹೆಬ್ಬೆರಳನ್ನು ಹೊಸ ಮಸ್ಲಿನ್ ತುಂಡಿಗೆ ಒತ್ತಿದೆ. ಗೇಟಿನ ಕೌಂಟರಿನಿಂದ ಸಾಬಣ್ಣ ನೋಡುತ್ತಿದ್ದರು. ಕತ್ತಲು ಮಾಡಿ ಅಲ್ಟ್ರಾವಯಲೆಟ್ ದೀಪದ ಕೆಳಗೆ ಎರಡನ್ನೂ ಇಟ್ಟೆವು. ನನ್ನ ಕಲೆ ಕಪ್ಪಗೆ ಕೂತಿತು. ಬಟ್ಟೆಯ ಗುರುತು ಮಾತ್ರ ಪಕ್ಕದ ಹೂವಿನ ಎಸಳಿನ ಹಾಗೆಯೇ ಕಂಡಿತು, ಒಂದೇ ಹಂಡೆಯ ಮಕ್ಕಳು. ನನ್ನ ಕಲೆಗೆ ಒದ್ದೆ ಹತ್ತಿ ತಾಗಿಸಿದರೆ ಬಣ್ಣ ಬಿಟ್ಟಿತು. ಇನ್ನೂ ಗಟ್ಟಿ ಸಾಕ್ಷಿಯನ್ನು ಸೂಕ್ಷ್ಮದರ್ಶಕ ಕೊಟ್ಟಿತು. ಗುರುತಿನ ಅಂಚು ಎಲೆಗೆ ತಾಗಿತ್ತೆಂದೆನಲ್ಲ, ಅಲ್ಲಿ ಎಲೆಯ ಹಳದಿ ಗುರುತಿನ ಮೇಲೆ ಹಾದುಹೋಗಿತ್ತು. ಎಲೆಗೆ ಹಳದಿ ತುಂಬುವ ಮೊದಲೇ ಹೆಬ್ಬೆರಳು ಅಲ್ಲಿತ್ತು. ಸಾಬಣ್ಣ ಹುಟ್ಟುವುದಕ್ಕೂ ಎಷ್ಟೋ ಮೊದಲು.

ಮೇ ಎರಡನೇ ವಾರ ಸಮಿತಿ ಮತ್ತೆ ಕೂತಿತು. ಫೋಟೊಗಳನ್ನು ಮೇಡಂ ವಿವರಿಸಿದರು. ನನ್ನ ಹೇಳಿಕೆಯನ್ನು ನಾನೇ ಓದಿದೆ, ಮೂಗಿನಲ್ಲಲ್ಲ. ಮೇಡಮ್ಮಿಗೆ ಒಂದು ಎಚ್ಚರಿಕೆಯ ಪತ್ರ ಬಂತು. ನನಗೂ ಬಂತು, ಜೊತೆಗೆ ಒಂದು ವರ್ಷದ ಕಾಂಟ್ರಾಕ್ಟು ಮೂರು ತಿಂಗಳಿಗೆ ಇಳಿಯಿತು. ಆಮೇಲೆ ಮೂರು ಮೂರು ತಿಂಗಳಿನಂತೆ ಎರಡು ವರ್ಷ ಎಳೆದೆ. ಆರುನೂರು ದಾಖಲೆಗಳನ್ನೂ ಮತ್ತೆ ಓದಿ, ಪರಿಶೀಲಿಸಿದವರ ಜಾಗದಲ್ಲಿ ನನ್ನ ಹೆಸರು ಹಾಕುವ ಶಿಕ್ಷೆಯೂ ಆಯಿತು. ಈಗ ಸ್ಟೋರಿಗೆ ಹೊಸ ಅಟೆಂಡೆಂಟ್ ಬಂದಿದ್ದಾನೆ. ನಾನು ಏನೇ ಮಾಡಿದರೂ ಬಿದ್ದು ಬಿದ್ದು ನಗುತ್ತಾನೆ. ಅದರಿಂದ ಕೋಣೆ ತುಂಬುವುದಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ದೊಡ್ಡದೇನಲ್ಲ. ಗುರುತು ಕಂಡರೆ ಅದರ ಬಣ್ಣ ಬರೆ, ಅಳತೆ ಬರೆ, ಯಾವ ಮೂಲೆ ಎಂದು ಬರೆ. ಯಾರದು ಎಂದು ಬರೆಯುವ ಮುಂಚೆ ಕೈ ತೊಳೆದುಕೊಂಡು ಬಾ, ಮೂರು ಸಲ. ಮತ್ತು ಅಳಿಸುತ್ತೇನೆ ಎಂದದ್ದನ್ನು ಆ ಕ್ಷಣವೇ ಅಳಿಸು.

ಆದರೆ ಮಾತು ಮುಗಿದದ್ದು ನನ್ನ ಪಾಠದಿಂದಲ್ಲ, ಆ ದಿನ ಸಮಿತಿ ಕೂತ ಕೋಣೆಯಲ್ಲಿ. ಮೆಮೊ ಹಿಂಪಡೆದ ಆದೇಶವನ್ನು ಚೇರ್ಮನ್ ಸಾಬ್ ಸಾಬಣ್ಣನ ಮುಂದೆ ಸರಿಸಿ, ಸ್ವೀಕರಿಸಿದ್ದಕ್ಕೆ ಸಹಿ ಕೇಳಿದರು. ಸಾಬಣ್ಣ ಪೆನ್ನಿನ ಮುಚ್ಚಳ ತೆಗೆದರು, ಹಾಳೆ ನೇರ ಮಾಡಿದರು, ಮೂರು ಅಕ್ಷರ ಕೂರಿಸಿದರು. ಕೋಣೆಯಲ್ಲಿದ್ದವರೆಲ್ಲ ಅಷ್ಟು ಹೊತ್ತೂ ಕಾದೆವು.

ಚೇರ್ಮನ್ ಸಾಬ್ ಆ ಸಹಿಯನ್ನು ನೋಡುತ್ತ, ಸಮಾಧಾನ ಹೇಳುವವರಂತೆ, "ಅವತ್ತೇ ಹೆಬ್ಬೆಟ್ಟು ಕೊಟ್ಟಿದ್ದರೆ ಎರಡು ತಿಂಗಳು ಗೇಟಿನಲ್ಲಿ ಕೂರುವುದು ತಪ್ಪುತ್ತಿತ್ತಲ್ಲ ಭಾಯ್. ಇಂಥ ಬಟ್ಟೆ ಮಾಡಿದ ಉಸ್ತಾದನೇ ತನ್ನದನ್ನು ಒತ್ತಿ ಹೋಗಿದ್ದಾನೆ. ನಿನಗೇನು ಕಷ್ಟವಿತ್ತು?" ಎಂದರು.

ಸಾಬಣ್ಣ ಪೆನ್ನಿಗೆ ಮುಚ್ಚಳ ಹಾಕಿ ನನ್ನ ಕಡೆ ತಿರುಗಿದರು.

"ಸಾಹೇಬ್ರಿಗೆ ಹೇಳು ತಮ್ಮಾ. ನನ್ನ ಧ್ವನಿ ತಗೀಬ್ಯಾಡ, ನಿನ್ನ ಧ್ವನ್ಯಾಗ ಹೇಳು. ಅವಂಗ ಸಹಿ ಬರ್ತಿದ್ದಿಲ್ಲ, ಹೆಬ್ಬೆಟ್ಟು ಇಟ್ಟು ಹೋದ. ನನಗ ಬರ್ತೈತಿ."